ದೂರ ಹೊಡೆಯಲಾರದವರ ಗಾಲ್ಫ್

1938ರ ಜುಲೈ ತಿಂಗಳು. ಅಮೆರಿಕದ ಪೆನ್ಸಿಲ್ವೇನಿಯಾದ ಶಾನೀ ಅಂಗಳದಲ್ಲಿ ಪಿಜಿಎ ಚಾಂಪಿಯನ್‌ಷಿಪ್ ಫೈನಲ್. ಒಂದು ಕಡೆ 26 ವರ್ಷದ ಸ್ಯಾಮ್ ಸ್ನೀಡ್. ಅವರಷ್ಟು ದೂರಕ್ಕೆ ಚೆಂಡನ್ನು ಅಟ್ಟುವವರು ಆಗ ಬೆರಳೆಣಿಕೆಯಷ್ಟು ಮಂದಿ. ಇನ್ನೊಂದು ಕಡೆ ಸಣ್ಣ ಆಳು ಪಾಲ್ ರನ್ಯನ್. ಟೀ ಹೊಡೆತದ ನಂತರ ರನ್ಯನ್ ಅವರ ಚೆಂಡು ಎಷ್ಟು ಹಿಂದೆ ಬೀಳುತ್ತಿತ್ತೆಂದರೆ, ಸ್ನೀಡ್ ಐರನ್ ಹಿಡಿದು ಗ್ರೀನ್‌ಗೆ ಗುರಿಯಿಡುವಾಗ ಇವರು ಇನ್ನೂ ಮರದ ಕ್ಲಬ್ಬನ್ನೇ ಬೀಸಬೇಕಿತ್ತು. ಆದರೂ 36 ಹೋಲ್‌ಗಳ ಆ ಪಂದ್ಯ 29ನೆಯದಕ್ಕೇ ಮುಗಿದುಹೋಯಿತು. ರನ್ಯನ್ ಎಂಟು ಹೋಲ್ ಮುಂದಿದ್ದರು. ಆಡಲು ಉಳಿದಿದ್ದದ್ದು ಏಳೇ. ದೂರದಲ್ಲಿ ಕಳೆದುಕೊಂಡದ್ದನ್ನು ಅವರು ಗ್ರೀನ್‌ನ ಅಂಚಿನಲ್ಲಿ ಬಡ್ಡಿಸಮೇತ ವಸೂಲಿ ಮಾಡಿದ್ದರು.

ನಮ್ಮ ಕಣ್ಣೆದುರಿಗೇ ನಡೆದದ್ದು ಬೇಕೆಂದರೆ 2021ರ ಆಗಸ್ಟ್ ನೆನಪಿಸಿಕೊಳ್ಳಿ. ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್ ನಡೆದ ಕಸುಮಿಗಸೆಕಿ ಅಂಗಳದಲ್ಲಿ ಬೆಂಗಳೂರಿನ ಅದಿತಿ ಅಶೋಕ್. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನ, ಟೀ ಹೊಡೆತದ ದೂರದ ಪಟ್ಟಿಯಲ್ಲಿ ತಳ. ನಾಲ್ಕು ಸುತ್ತಿನ ಸ್ಕೋರು 67, 66, 68, 68. ಕಂಚಿನ ಪದಕ ತಪ್ಪಿದ್ದು ಒಂದೇ ಒಂದು ಸ್ಟ್ರೋಕ್‌ನಿಂದ. ಗಾಲ್ಫ್ ಗೊತ್ತಿಲ್ಲದವರೂ ಆ ಶನಿವಾರ ಬೆಳಿಗ್ಗೆ ಟಿ.ವಿ. ಮುಂದೆ ಕೂತು ಪಟರ್ ಹಿಡಿದ ಆ ಹುಡುಗಿಗಾಗಿ ಉಸಿರು ಬಿಗಿಹಿಡಿದಿದ್ದರು.

ಇಂಥ ಕಥೆಗಳನ್ನು ಹೇಳಿ ‘ಗ್ರೀನ್ ಸುತ್ತಲಿನ ಆಟವೇ ಸರ್ವಸ್ವ’ ಎಂದುಬಿಡುವುದು ಸುಲಭ. ಅದು ಪೂರ್ತಿ ನಿಜವಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ವೃತ್ತಿಪರರ ಒಂದೊಂದು ಹೊಡೆತವನ್ನೂ ಲೆಕ್ಕಕ್ಕೆ ಹಿಡಿದು ನೋಡಿದಾಗ, ಉತ್ತಮ ಆಟಗಾರರನ್ನು ಉಳಿದವರಿಂದ ಬೇರೆ ಮಾಡುವುದರಲ್ಲಿ ಸುಮಾರು ಮೂರನೇ ಎರಡು ಪಾಲು ದೂರದ ಹೊಡೆತಗಳದ್ದೇ ಎಂದು ತಿಳಿದುಬಂತು. ಆದರೆ ಐವತ್ತು ದಾಟಿದ, ಸೊಂಟ ಹಿಡಿದುಕೊಂಡ, ವಾರಕ್ಕೊಮ್ಮೆ ಅಂಗಳಕ್ಕೆ ಬರುವ ಮನುಷ್ಯ ಡ್ರೈವರ್‌ನಲ್ಲಿ ಇನ್ನು ಮೂವತ್ತು ಗಜ ಹೆಚ್ಚಿಸಿಕೊಳ್ಳುವುದು ಕನಸಿನ ಮಾತು. ಗ್ರೀನ್ ಪಕ್ಕದಿಂದ ಆಡುವ ಸಣ್ಣ ಹೊಡೆತವನ್ನು, ಅಂದರೆ ಚಿಪ್ಪನ್ನು, ಸುಧಾರಿಸಲು ತೋಳ್ಬಲ ಬೇಡ. ದೊಡ್ಡ ವೃತ್ತಿಪರರೇ 18ರಲ್ಲಿ ಆರೋ ಏಳೋ ಗ್ರೀನ್‌ಗಳನ್ನು ತಪ್ಪಿಸುತ್ತಾರೆ. ಹವ್ಯಾಸಿಯೊಬ್ಬ ಹನ್ನೆರಡು ಹದಿಮೂರು ತಪ್ಪಿಸಿದರೆ ಆಶ್ಚರ್ಯವೇನಿಲ್ಲ. ಅಂದರೆ ಪ್ರತಿ ಸುತ್ತಿನಲ್ಲೂ ಅಷ್ಟು ಸಲ ಅವನು ವೆಜ್ ಹಿಡಿದು ಗ್ರೀನ್ ಪಕ್ಕ ನಿಲ್ಲಲೇಬೇಕು.

ಅಲ್ಲಿ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಯಾವ ಅಂಗಳದಲ್ಲಾದರೂ ಭಾನುವಾರ ಬೆಳಿಗ್ಗೆ ನಿಂತು ನೋಡಬಹುದು. ಚೆಂಡು ಗ್ರೀನ್‌ನಿಂದ ಎರಡು ಹೆಜ್ಜೆ ಆಚೆಗಿದೆ. ಮಧ್ಯೆ ಗುಂಡಿಯಿಲ್ಲ, ಬಂಕರ್ ಇಲ್ಲ, ನೆಲ ಚಾಪೆ ಹಾಸಿದಂತಿದೆ. ಕ್ಯಾಡಿ ಮೆಲ್ಲಗೆ ‘ಪಟರ್ ತಗೊಳ್ಳಿ ಸರ್, ಸಾಕು’ ಅನ್ನುತ್ತಾನೆ. ಸಾಹೇಬರು ಕೇಳಿಸದವರಂತೆ 60 ಡಿಗ್ರಿಯ ಲಾಬ್ ವೆಜ್ ಎಳೆಯುತ್ತಾರೆ. ಟಿ.ವಿ.ಯಲ್ಲಿ ಫಿಲ್ ಮಿಕೆಲ್ಸನ್ ಎತ್ತಿದಂತೆ ಚೆಂಡನ್ನು ಮುಗಿಲಿಗೆತ್ತಿ ಗುಳಿಯ ಪಕ್ಕ ಇಳಿಸುವ ಆಸೆ. ಕ್ಲಬ್ ಚೆಂಡಿಗಿಂತ ಮೊದಲೇ ನೆಲಕ್ಕೆ ಹೊಕ್ಕರೆ ಚೆಂಡು ಒಂದು ಗೇಣು ಸರಿಯುತ್ತದೆ. ಅಂಚು ಚೆಂಡಿನ ಹೊಟ್ಟೆಗೆ ತಗುಲಿದರೆ ಗ್ರೀನನ್ನೇ ದಾಟಿ ಆ ಕಡೆಯ ಪೊದೆ ಸೇರುತ್ತದೆ. ಕ್ಯಾಡಿ ಪೊದೆಯ ಕಡೆ ನಡೆಯುತ್ತಾನೆ. ಅವನ ಮುಖದಲ್ಲಿ ಏನೂ ಕಾಣುವುದಿಲ್ಲ, ಅದೂ ಅವನ ಕೆಲಸದ ಭಾಗವೇ.

ಚೆಂಡನ್ನು ಎತ್ತುವ ಈ ಚಪಲವೇ ಅರ್ಧ ರೋಗ. ಗೋಲಿ ಆಡುವ ಹುಡುಗ ಹಸನಾದ ನೆಲದ ಮೇಲೆ ಗೋಲಿಯನ್ನು ಗಾಳಿಗೆ ಎಸೆಯುವುದಿಲ್ಲ, ಉರುಳಿಸುತ್ತಾನೆ. ಉರುಳುವುದನ್ನು ಕಣ್ಣು ಅಳೆಯಬಲ್ಲದು, ಹಾರುವುದನ್ನು ಅಷ್ಟಾಗಿ ಅಳೆಯಲಾರದು. ಚಿಪ್‌ನಲ್ಲೂ ಅಷ್ಟೆ. ಚೆಂಡು ಆದಷ್ಟು ಬೇಗ ಗ್ರೀನ್ ಮೇಲೆ ಇಳಿದು, ಉಳಿದ ದಾರಿಯನ್ನು ಪಟ್‌ನಂತೆ ಉರುಳಿ ಮುಗಿಸಬೇಕು. ಎಷ್ಟು ಹಾರಬೇಕು, ಎಷ್ಟು ಉರುಳಬೇಕು ಎಂಬುದಕ್ಕೆ ಹಳಬರ ಒಂದು ಲೆಕ್ಕವಿದೆ. ಹನ್ನೆರಡರಿಂದ ಕೈಯಲ್ಲಿರುವ ಕ್ಲಬ್‌ನ ಸಂಖ್ಯೆಯನ್ನು ಕಳೆಯಿರಿ. 8 ಐರನ್ ಆದರೆ ಉಳಿದದ್ದು 4: ಒಂದು ಪಾಲು ಹಾರಾಟ, ನಾಲ್ಕು ಪಾಲು ಉರುಳಾಟ. ಪಿಚಿಂಗ್ ವೆಜ್ ಅನ್ನು 10 ಎಂದೂ ಸ್ಯಾಂಡ್ ವೆಜ್ ಅನ್ನು 11 ಎಂದೂ ಇಟ್ಟುಕೊಳ್ಳಬೇಕು. ಗುಳಿ 15 ಹೆಜ್ಜೆ ದೂರವಿದ್ದರೆ 8 ಐರನ್‌ನಲ್ಲಿ ಮೂರು ಹೆಜ್ಜೆ ಹಾರಿಸಿದರೆ ಸಾಕು, ಪಿಚಿಂಗ್ ವೆಜ್‌ನಲ್ಲಿ ಐದು ಹೆಜ್ಜೆ. ಇದು ಸಮತಟ್ಟಾದ, ಸಾಧಾರಣ ವೇಗದ ಗ್ರೀನ್‌ನ ಲೆಕ್ಕ. ಇಳಿಜಾರಿದ್ದರೆ ನಿಮ್ಮ ತಲೆಯೂ ಓಡಬೇಕು.

ಹಾಗಾಗಿ ಮೊದಲು ಗೊತ್ತುಮಾಡಬೇಕಾದದ್ದು ಚೆಂಡು ಬೀಳಬೇಕಾದ ಜಾಗ. ಕ್ಲಬ್ ಯಾವುದೆಂಬುದು ಆಮೇಲಿನ ಮಾತು. 2005ರ ಮಾಸ್ಟರ್ಸ್‌ನ ಕೊನೆಯ ದಿನ 16ನೇ ಹೋಲ್‌ನಲ್ಲಿ ಟೈಗರ್ ವುಡ್ಸ್ ಆಡಿದ ಚಿಪ್ಪನ್ನು ಎಲ್ಲರೂ ನೋಡಿದ್ದಾರೆ: ಚೆಂಡು ಗುಳಿಯ ತುಟಿಗೆ ಬಂದು, ಒಂದು ಕ್ಷಣ ನಿಂತು, ಒಳಗೆ ಬಿತ್ತು. ಅದನ್ನು ಮತ್ತೊಮ್ಮೆ ನೋಡುವಾಗ ಗುಳಿಯನ್ನು ಬಿಟ್ಟು ವುಡ್ಸ್ ಅವರ ಕಣ್ಣನ್ನು ಗಮನಿಸಿ. ಬಾವುಟದಿಂದ ಬಹಳ ಎಡಕ್ಕೆ, ಇಳಿಜಾರಿನ ಮೇಲ್ಭಾಗದಲ್ಲಿ ಅವರು ಒಂದು ಚುಕ್ಕೆಯನ್ನು ಹುಡುಕಿಕೊಂಡಿದ್ದರು. ಹೊಡೆದದ್ದು ಅದಕ್ಕೆ, ಮಿಕ್ಕದ್ದನ್ನು ಇಳಿಜಾರು ಮಾಡಿತು.

ಜಾಗ ಗೊತ್ತಾದ ಮೇಲೆ ಕೈ ಮಾಡಬೇಕಾದ ಕೆಲಸ ಕಡಿಮೆ. ಪಾದಗಳನ್ನು ಹತ್ತಿರ ಇಡಿ. ಬಲಗೈ ಆಟಗಾರರಾದರೆ ಭಾರವನ್ನು ಎಡಗಾಲ ಮೇಲೆ ಬಿಟ್ಟು, ಹೊಡೆತ ಮುಗಿಯುವ ತನಕ ಅಲ್ಲೇ ಇರಿಸಿ. ಚೆಂಡನ್ನು ಎತ್ತಲು ಹೋಗಿ ಭಾರ ಹಿಂದಕ್ಕೆ ವಾಲಿದರೆ ಪೊದೆಯ ದಾರಿ ಹಿಡಿದಂತೆಯೇ. ಎತ್ತುವ ಕೆಲಸ ಕ್ಲಬ್‌ನ ಮುಖದ ಓರೆಯದ್ದು, ಅಂದರೆ ಲಾಫ್ಟ್‌ನದ್ದು. ಹಿಂದಕ್ಕೆ ದೊಡ್ಡದಾಗಿ ಬೀಸಿ, ಹತ್ತಿರ ಬರುತ್ತಲೇ ಹೆದರಿ ಕೈ ತಡೆಯುವುದು ಇನ್ನೊಂದು ಸಾಮಾನ್ಯ ದೋಷ. ಹಿಂದಕ್ಕೆ ಚಿಕ್ಕದಾಗಿ ಒಯ್ದು, ಮುಂದಕ್ಕೆ ಧೈರ್ಯವಾಗಿ ತನ್ನಿ. ರನ್ಯನ್ ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದರು. ಕ್ಲಬ್ಬನ್ನು ಪಟರ್‌ನಂತೆ ನೆಟ್ಟಗೆ ನಿಲ್ಲಿಸಿ, ಅದರ ಹಿಮ್ಮಡಿ ತುಸು ಮೇಲೆದ್ದು ತುದಿ ಮಾತ್ರ ಹುಲ್ಲಿಗೆ ತಾಗುವಂತೆ ಹಿಡಿದು, ಮಣಿಕಟ್ಟನ್ನು ಆಡಿಸದೆ ಪಟ್ ಮಾಡಿದಂತೆಯೇ ತಳ್ಳುವುದು. ನೋಡಲು ಚೆಂದವಿಲ್ಲ. ಆದರೆ ಹುಲ್ಲಿಗೆ ಸಿಕ್ಕಿಕೊಳ್ಳುವ ಲೋಹ ಕಡಿಮೆಯಾಗುವುದರಿಂದ, ಮಣಿಕಟ್ಟು ನಡುಗುವವರಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ.

ಮರಳಿನ ಕಥೆ ಬೇರೆ. ಹಳೆಯ ಕಾಲದ ಗಾಲ್ಫ್ ಆಟಗಾರ ಜೀನ್ ಸರಾಜೆನ್ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದ ದಿನಗಳಲ್ಲಿ, ಮೇಲೇರುವ ವಿಮಾನದ ಬಾಲ ಕೆಳಗಿಳಿಯುವುದನ್ನು ಕಂಡು ಯೋಚನೆಗೆ ಬಿದ್ದದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಕ್ಲಬ್‌ನ ತಳಕ್ಕೆ ಸೀಸ ಬೆಸೆದು, ಹಿಂದಿನ ಅಂಚು ಮುಂದಿನದಕ್ಕಿಂತ ಕೆಳಗಿರುವಂತೆ ಮಾಡಿದರು. 1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಅಂಗಳದಲ್ಲಿ ಆ ಕ್ಲಬ್ಬನ್ನು ಬಳಸಿ ಬ್ರಿಟಿಷ್ ಓಪನ್ ಗೆದ್ದರು. ಆ ತಗ್ಗಿದ ತಳಕ್ಕೇ ಇವತ್ತು ಬೌನ್ಸ್ ಎನ್ನುತ್ತೇವೆ. ಅದಿರುವ ವೆಜ್ ಮರಳಿಗೆ ಹೂತುಹೋಗದೆ ಜಾರಿಕೊಂಡು ಹೋಗುತ್ತದೆ. ಆದ್ದರಿಂದ ಬಂಕರ್‌ನಲ್ಲಿ ಚೆಂಡಿಗೆ ಹೊಡೆಯಬೇಡಿ. ಚೆಂಡಿಗಿಂತ ಒಂದೆರಡು ಅಂಗುಲ ಹಿಂದಿನ ಮರಳಿಗೆ ಹೊಡೆಯಿರಿ, ಚೆಂಡು ಮರಳಿನ ಜೊತೆಗೇ ಹೊರಬರುತ್ತದೆ. ಹೊಡೆಯುವ ಮೊದಲು ಚೆಂಡಿನ ಹಿಂದಿನ ಮರಳಿಗೆ ಕ್ಲಬ್ ತಾಗಿಸಿದರೆ ಎರಡು ಸ್ಟ್ರೋಕ್ ದಂಡ. ಇದೇ ಬೌನ್ಸ್ ಗಟ್ಟಿ ನೆಲದಲ್ಲಿ ಶತ್ರುವಾಗುತ್ತದೆ. ಬಿಸಿಲಿಗೆ ಕಾದು ಹುಲ್ಲು ತೆಳುವಾದ ಜಾಗದಲ್ಲಿ 14 ಡಿಗ್ರಿ ಬೌನ್ಸ್‌ನ ಸ್ಯಾಂಡ್ ವೆಜ್ ನೆಲಕ್ಕೆ ಬಡಿದು ಪುಟಿದು ಚೆಂಡಿನ ನಡುವಿಗೇ ತಗುಲುತ್ತದೆ. ಅಂಥಲ್ಲಿ 8 ಐರನ್ನೇ ವಾಸಿ, ಇಲ್ಲವೇ ಕ್ಯಾಡಿ ಹೇಳಿದ ಪಟರ್.

ಹುಲ್ಲನ್ನೂ ಓದಬೇಕು. ನಮ್ಮಂಥ ಬಿಸಿಲ ನಾಡಿನ ಬರ್ಮುಡಾ ಹುಲ್ಲು ಒಂದು ದಿಕ್ಕಿಗೆ ಮಲಗಿ ಬೆಳೆಯುತ್ತದೆ. ಗ್ರೀನ್ ಹೊಳೆಯುತ್ತ ಕಂಡರೆ ಹುಲ್ಲು ನಿಮ್ಮಿಂದ ಆಚೆಗೆ ಮಲಗಿದೆ, ಚೆಂಡು ಓಡುತ್ತದೆ. ಕಪ್ಪಾಗಿ ಕಂಡರೆ ನಿಮ್ಮತ್ತ ಮಲಗಿದೆ, ಚೆಂಡು ಬೇಗ ನಿಲ್ಲುತ್ತದೆ. ಮಳೆಗಾಲದ ಕೊಡಗಿನಲ್ಲಿ ನೆನೆದ ಗ್ರೀನ್ ಮೇಲೆ ಮೇಲಿನ ಹನ್ನೆರಡರ ಲೆಕ್ಕ ನಡೆಯುವುದಿಲ್ಲ. ಚೆಂಡು ಬಿದ್ದಲ್ಲೇ ಕೂರುತ್ತದೆ, ಹೆಚ್ಚು ಹಾರಿಸಲೇಬೇಕು.

ಅಭ್ಯಾಸಕ್ಕೆ ಒಂದು ಬುಟ್ಟಿ ಚೆಂಡು ಸುರಿದುಕೊಂಡು ಒಂದೇ ಜಾಗದಿಂದ ಹೊಡೆಯುವವರು ಬಹಳ. ಹತ್ತನೆಯ ಚೆಂಡಿನ ಹೊತ್ತಿಗೆ ಎಲ್ಲವೂ ಗುಳಿಯ ಹತ್ತಿರವೇ ಹೋಗುತ್ತದೆ. ಪಂದ್ಯದಲ್ಲಿ ಹತ್ತನೆಯ ಚೆಂಡು ಸಿಗುವುದಿಲ್ಲ. ಅದರ ಬದಲು ಒಂದೇ ಚೆಂಡು, ಒಂಬತ್ತು ಬೇರೆ ಬೇರೆ ಜಾಗ. ಪ್ರತಿ ಜಾಗಕ್ಕೆ ಒಂದು ಚಿಪ್, ಒಂದು ಪಟ್. ಒಟ್ಟು ಪಾರ್ 18. ಮೊದಮೊದಲು 25, 26 ಬಂದರೆ ಬೇಸರ ಬೇಡ. ಒಂದು ಚೀಟಿಯಲ್ಲಿ ಪ್ರತಿ ಚಿಪ್ ಗುಳಿಯಿಂದ ಎಷ್ಟು ಅಡಿಗೆ ನಿಂತಿತೆಂದು ಬರೆದಿಡಿ. ವೃತ್ತಿಪರರೂ ಎಂಟು ಅಡಿಯಿಂದ ಗುಳಿಗೆ ಹಾಕುವುದು ಎರಡರಲ್ಲಿ ಒಂದು ಸಲವಷ್ಟೆ. ಮೂರು ಅಡಿಯಿಂದ ತಪ್ಪುವುದು ಅಪರೂಪ. ಚೀಟಿಯ ತುಂಬ ಎಂಟು, ಒಂಬತ್ತು ಎಂದೇ ಇದ್ದರೆ ಹೊಸ ಪಟರ್ ಕೊಳ್ಳಲು ಅಂಗಡಿಗೆ ಓಡಬೇಡಿ. ಕೆಟ್ಟಿರುವುದು ಪಟ್ ಅಲ್ಲ, ಚಿಪ್.