ಫೈರ್ ಇಂಜಿನ್ ಬರುವ ಮುಂಚೆ

ದಾಬಸ್‌ಪೇಟೆಯಿಂದ ಹೊರಟು ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆ ಸೇರುವ ಸುಮಾರು 80 ಕಿ.ಮೀ. ಹೆದ್ದಾರಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳನ್ನು ಮುಟ್ಟುತ್ತದೆ. ದಾರಿಯುದ್ದಕ್ಕೂ ಗೋದಾಮು, ಕಾರ್ಖಾನೆ, ಬಡಾವಣೆ. ನಡುನಡುವೆ ರಾಗಿ ಹೊಲ, ದ್ರಾಕ್ಷಿ ತೋಟ, ಹಿಪ್ಪುನೇರಳೆ. ಸಂಕ್ರಾಂತಿ ಹೊತ್ತಿಗೆ ಊರೂರಿನ ಕಣಗಳಲ್ಲಿ ರಾಗಿ ಹುಲ್ಲಿನ ಬಣವೆಗಳು ಎದ್ದಿರುತ್ತವೆ. ಬಣವೆಯೆಂದರೆ ಮುಂದಿನ ಸುಗ್ಗಿಯವರೆಗೆ ಹಸುವಿನ ಮೇವು, ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವ ಮನೆಯ ಆಸ್ತಿ. ಜೋತುಬಿದ್ದ ವಿದ್ಯುತ್ ತಂತಿಯಿಂದ ಒಂದು ಕಿಡಿ ಉದುರಿದರೆ ಅಷ್ಟೂ ಬೂದಿ.

101ಕ್ಕೋ 112ಕ್ಕೋ ಕರೆ ಹೋಗುತ್ತದೆ. ಠಾಣೆಯಿಂದ ವಾಹನ ಹೊರಡುತ್ತದೆ. ಅದು ಊರು ಮುಟ್ಟುವವರೆಗಿನ ಹೊತ್ತು ಮಾತ್ರ ಊರಿನವರದ್ದೇ. ಅಗ್ನಿಶಾಮಕ ಸೇವೆಯ ಜೊತೆ ಸ್ವಯಂಸೇವಕರಾಗಿ ದುಡಿಯುವುದು ಈ ಜಿಲ್ಲೆಯಲ್ಲಿ ಶುರುವಾಗುವುದು ಅಲ್ಲಿಂದ.

ಸಾಮಾನ್ಯ ಅಗ್ನಿಶಾಮಕ ಜಲವಾಹನದ ಟ್ಯಾಂಕಿನಲ್ಲಿ ಹಿಡಿಯುವುದು 4,500 ಲೀಟರಿನಷ್ಟು ನೀರು. ನಿಮಿಷಕ್ಕೆ 1,800 ಲೀಟರ್ ಎಸೆಯುವ ಪಂಪು ಪೂರ್ತಿ ಓಡಿದರೆ ಟ್ಯಾಂಕು ಖಾಲಿಯಾಗಲು ಮೂರು ನಿಮಿಷವೂ ಬೇಡ. ಆಮೇಲಿನ ನೀರು ಎಲ್ಲಿಂದ? ಇದು ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆ ಹರಿಯುವ ಅರ್ಕಾವತಿ ಬಹುಪಾಲು ಒಣಗಿದೆ. ಉಳಿದದ್ದು ಕೆರೆ, ಕೃಷಿ ಹೊಂಡ, ಸಾವಿರ ಅಡಿ ದಾಟಿದ ಕೊಳವೆಬಾವಿ. ಯಾವ ಕೆರೆಯಲ್ಲಿ ಈಗ ನೀರಿದೆ, ಏರಿಯ ಮೇಲೆ ಭಾರದ ಗಾಡಿ ಹೋದೀತೇ, ಯಾರ ತೋಟಕ್ಕೆ ಈ ಹೊತ್ತಿನಲ್ಲಿ ತ್ರೀ ಫೇಸ್ ಕರೆಂಟು ಇದೆ, ಯಾರ ಮನೆಯಲ್ಲಿ ಟ್ರ್ಯಾಕ್ಟರ್ ಟ್ಯಾಂಕರ್ ಇದೆ ಎಂಬುದು ಊರಿನವರಿಗೆ ಮಾತ್ರ ಗೊತ್ತು. ಹೆದ್ದಾರಿ ತಿರುವಿಗೆ ಬೈಕಿನಲ್ಲಿ ಬಂದು ನಿಂತು ದಾರಿ ತೋರಿಸುವ ಹುಡುಗ, ಮೋಟಾರು ಹಾಕಿ ತೊಟ್ಟಿ ತುಂಬಿಸುವ ಮನೆಯವರು, ಪಕ್ಕದ ಬಣವೆಯ ಹುಲ್ಲನ್ನು ಎಳೆದು ದೂರ ಹಾಕುವ ನಾಲ್ಕು ಜನ, ಇವರಿಲ್ಲದೆ ಆ ಟ್ಯಾಂಕಿನ ನೀರು ಸಾಲುವುದಿಲ್ಲ.

ಎಲ್ಲ ಬೆಂಕಿಯೂ ಬಣವೆಯ ಬೆಂಕಿಯಲ್ಲ. 2025ರ ಮೇ ತಿಂಗಳಲ್ಲಿ ನೆಲಮಂಗಲಕ್ಕೆ ಹತ್ತಿರದ ಅಡಕಮಾರನಹಳ್ಳಿಯಲ್ಲಿ ಎಣ್ಣೆ ಗೋದಾಮು ಗಂಟೆಗಟ್ಟಲೆ ಉರಿಯಿತು. ಎಣ್ಣೆಯ ಬೆಂಕಿಗೆ ಬರೀ ನೀರು ಎರಚಿದರೆ ಎಣ್ಣೆ ತೇಲಿಕೊಂಡು ಹರಡುತ್ತದೆ. ಅದಕ್ಕೆ ನೊರೆ ಬೇಕು. ಅಂಥ ಕಡೆ ಊರಿನವರು ಮಾಡಬಹುದಾದ ದೊಡ್ಡ ಸಹಾಯವೆಂದರೆ ಮೊಬೈಲ್ ಹಿಡಿದು ಮುತ್ತಿಕೊಂಡವರನ್ನು ಹಿಂದಕ್ಕೆ ಕಳಿಸಿ ದಾರಿ ಬಿಡಿಸುವುದು. ಎಲ್ಲಿ ಕೈಹಾಕಬಾರದು ಎಂದು ತಿಳಿಯುವುದೂ ತರಬೇತಿಯ ಭಾಗ.

ಒಕ್ಕಣೆ ಕಾಲದಲ್ಲಿ ಹುರುಳಿ ಸೊಪ್ಪನ್ನು ಟಾರು ರಸ್ತೆಗೆ ಹರಡುವ ರೂಢಿ ಇನ್ನೂ ಹೋಗಿಲ್ಲ. ಕಾರಿನ ಚಕ್ರಕ್ಕೆ ಬಳ್ಳಿ ಸುತ್ತಿಕೊಂಡು, ಸೈಲೆನ್ಸರ್ ಕಾವಿಗೆ ಹೊತ್ತಿ, ಗಾಡಿಗಳೇ ಸುಟ್ಟಿವೆ. ಕಣ ಮಾಡಲು ಜಾಗ ಉಳಿದಿಲ್ಲ ಎಂಬ ರೈತರ ಮಾತು ನಿಜ. ಆದರೂ ಇದು ನಿಲ್ಲಲೇಬೇಕು.

ಬೆಂಕಿಗಿಂತ ಹೆಚ್ಚು ಹೊಟ್ಟೆ ಉರಿಸುವುದು ನೀರು. 2014ರ ಕೃಷಿ ಭಾಗ್ಯ ಯೋಜನೆಯ ನಂತರ ಹೊಲಹೊಲದಲ್ಲೂ ಕೃಷಿ ಹೊಂಡ ಬಂತು. ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿದ ಮೇಲೆ ಕಾಲು ನಿಲ್ಲುವುದಿಲ್ಲ. ಈಜು ಬಲ್ಲವರೂ ದಡ ಹತ್ತಲಾರರು. ಮಗು ಬಿತ್ತೆಂದು ತಾಯಿ ಇಳಿಯುತ್ತಾಳೆ, ತಾಯಿಗಾಗಿ ಇನ್ನೊಬ್ಬರು. ರಕ್ಷಣೆಯ ಮೊದಲ ಪಾಠ ಕೇಳಲು ಕಠಿಣ: ಬರಿಗೈಯಲ್ಲಿ ನೀರಿಗೆ ಹಾರಬೇಡಿ. ಹಗ್ಗ ಎಸೆಯಿರಿ, ಗಾಳಿ ತುಂಬಿದ ಟ್ಯೂಬು ಎಸೆಯಿರಿ, ಸೀರೆಯನ್ನಾದರೂ ಚಾಚಿ. ಹೊಂಡದ ಸುತ್ತ ಬೇಲಿ, ದಡದ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ, ಇಷ್ಟಕ್ಕೆ ಹೆಚ್ಚು ಖರ್ಚಿಲ್ಲ. ಊರಿನ ಯುವಕ ಸಂಘವೊಂದು ಒಂದು ಭಾನುವಾರ ಈ ಕೆಲಸ ಮಾಡಿದರೆ ಅದಕ್ಕಿಂತ ದೊಡ್ಡ ಸೇವೆ ನನಗೆ ತೋಚುವುದಿಲ್ಲ.

ಬೇಸಿಗೆಯಲ್ಲಿ ಮಾಕಳಿದುರ್ಗ, ಶಿವಗಂಗೆ ಕಡೆಯ ಗುಡ್ಡಗಳಲ್ಲಿ ಒಣ ಹುಲ್ಲು ಹೊತ್ತಿಕೊಂಡರೆ ವಾಹನ ಮೇಲೇರುವುದಿಲ್ಲ. ಅಲ್ಲಿ ಅರಣ್ಯ ಸಿಬ್ಬಂದಿಗೂ ಅವರ ಜೊತೆ ನಿಂತವರಿಗೂ ಹಸಿ ಸೊಪ್ಪಿನ ಕೊಂಬೆಯೇ ಆಯುಧ.

ಸೇರಬೇಕೆನ್ನುವವರಿಗೆ ದಾರಿಗಳಿವೆ. 1962ರ ಕಾಯ್ದೆಯಡಿ ರಚನೆಯಾದ ಗೃಹರಕ್ಷಕ ದಳ ಮೂಲತಃ ಸ್ವಯಂಸೇವಕರದ್ದೇ ಪಡೆ. 1968ರ ಪೌರರಕ್ಷಣಾ ಕಾಯ್ದೆ ಯುದ್ಧಕಾಲಕ್ಕೆಂದು ಬಂದದ್ದು. 2009ರ ತಿದ್ದುಪಡಿಯಿಂದ ವಿಪತ್ತು ನಿರ್ವಹಣೆಯೂ ಅದರ ಕೆಲಸವಾಯಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಯೋಜನೆ 12 ದಿನಗಳ ತರಬೇತಿ ಕೊಡುತ್ತದೆ.

ಆದರೆ ನೆರೆಯ ಕೇರಳ ನಮಗಿಂತ ಮುಂದೆ ಹೋಗಿದೆ. 2018ರ ಪ್ರವಾಹದಲ್ಲಿ ಜನರೇ ಜನರನ್ನು ಕಾಪಾಡಿದ್ದನ್ನು ಕಂಡ ಮೇಲೆ ಅಲ್ಲಿನ ಸರ್ಕಾರ ಅಗ್ನಿಶಾಮಕ ಇಲಾಖೆಯ ಅಡಿಯಲ್ಲೇ ಸಿವಿಲ್ ಡಿಫೆನ್ಸ್ ಪಡೆ ಕಟ್ಟಿತು: 124 ಠಾಣೆ, ಠಾಣೆಗೆ 50 ಜನರಂತೆ 6,200 ಸ್ವಯಂಸೇವಕರು. ಕನ್ನಡಿಗರಿರುವ ಕಾಸರಗೋಡು ಜಿಲ್ಲೆಯ ಠಾಣೆಗಳೂ ಆ ಲೆಕ್ಕದಲ್ಲಿವೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲೂ ಹೀಗೆ ಠಾಣೆಗೆ ಅಂಟಿಕೊಂಡ, ಊರುವಾರು ಹೆಸರು ಮತ್ತು ಫೋನ್ ನಂಬರ್ ಇರುವ ಪಡೆಯನ್ನು ಸರ್ಕಾರ ಕಟ್ಟಬೇಕು. ಗೋದಾಮುಗಳು ಏಳುತ್ತಿರುವ ವೇಗ ನೋಡಿದರೆ ಇದು ಮುಂದಕ್ಕೆ ಹಾಕುವ ಕೆಲಸವಲ್ಲ.

1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿದಾಗ 66 ಅಗ್ನಿಶಾಮಕರು ಪ್ರಾಣ ಕೊಟ್ಟರು. ಅವರ ನೆನಪಿಗೆ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ. ಶಾಲೆ, ಕಾರ್ಖಾನೆ, ಬಸ್ ನಿಲ್ದಾಣಗಳಲ್ಲಿ ಅಣಕು ಪ್ರದರ್ಶನ ನಡೆಯುತ್ತದೆ. ಆ ವಾರ ನಿಮ್ಮ ತಾಲ್ಲೂಕಿನ ಠಾಣೆಗೆ ಹೋಗಿ. ನಿಮ್ಮೂರಿಗೆ ಬರುವ ಸರಿಯಾದ ದಾರಿ, ನೀರಿರುವ ಜಾಗ, ರಾತ್ರಿ ಎಬ್ಬಿಸಬಹುದಾದ ಇಬ್ಬರ ನಂಬರ್ ಬರೆದುಕೊಟ್ಟು ಬನ್ನಿ.