ದೇಹದ ಅಳತೆ ಬೇಕಿಲ್ಲ, ಒಪ್ಪುವ ಅಂಗಿಯೊಂದು ಸಾಕು

ರಾಯಚೂರು: ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ಜಿಲ್ಲೆ ಹತ್ತಿಗೆ ಹೆಸರಾದುದು. ಆದರೆ ಹತ್ತಿ ಬೆಳೆಯುವ ದೇವದುರ್ಗ, ಮಾನ್ವಿ ತಾಲ್ಲೂಕುಗಳಿಂದಲೇ ಅನೇಕರು ಕೂಲಿ ಅರಸಿ ಬೆಂಗಳೂರಿನ ಕಟ್ಟಡ ಕಾಮಗಾರಿಗಳತ್ತ ಗುಳೆ ಹೋಗುವುದು ಹೊಸ ಸಂಗತಿಯಲ್ಲ. ಊರಿನಲ್ಲಿ ಮದುವೆ ನಿಶ್ಚಯವಾದಾಗ ಹೊಸ ಅಂಗಿ ಹೊಲಿಸಿಕೊಳ್ಳಬೇಕಾದವನು ನೂರಾರು ಕಿಲೋಮೀಟರ್ ದೂರದಲ್ಲಿರುತ್ತಾನೆ. ಆಗ ಮನೆಯವರು ಅವನ ಅಂಗಿಯೊಂದನ್ನು ಅಳತೆಗೆಂದು ದರ್ಜಿಯ ಮುಂದಿಡುತ್ತಾರೆ. ಅದೂ ಸಾಧ್ಯವಾಗದಿದ್ದರೆ ಅಳತೆಗಳನ್ನು ಬರೆದು ಕಳುಹಿಸಲಾಗುತ್ತದೆ. ತಪ್ಪು ನುಸುಳುವುದು ಇಲ್ಲಿಯೇ.

ಕತ್ತರಿಸಿದ ಬಟ್ಟೆಯನ್ನು ಕಿರಿದುಗೊಳಿಸಬಹುದೇ ಹೊರತು ಹೊಲಿಗೆಯೊಳಗೆ ಬಿಟ್ಟ ಅಂಚಿಗಿಂತ ಹೆಚ್ಚು ಹಿಗ್ಗಿಸಲಾಗದು. ಬಟ್ಟೆಯ ಬೆಲೆ ಹಾಗೂ ಹೊಲಿಗೆಯ ಕೂಲಿ ಎರಡೂ ವ್ಯರ್ಥವಾಗದಿರಲು ಅಳತೆಯ ಕ್ರಮವನ್ನು ಅರಿತಿರುವುದು ಒಳಿತು.

ಅಂಗಿಯ ಆಯ್ಕೆ

ಹೆಚ್ಚು ಇಷ್ಟವಾದ ಅಂಗಿಗಿಂತ ಈಗ ಸರಿಯಾಗಿ ಒಪ್ಪುವ ಅಂಗಿಯನ್ನು ಆರಿಸಬೇಕು. ಅದು ಹಲವು ಬಾರಿ ಒಗೆದದ್ದಾಗಿರಲಿ, ಕುಗ್ಗಬೇಕಾದಷ್ಟು ಕುಗ್ಗಿರುತ್ತದೆ. ಇಸ್ತ್ರಿ ಮಾಡಿ, ಗುಂಡಿಗಳನ್ನು ಹಾಕಿ, ಸಮತಟ್ಟಾದ ಮೇಜಿನ ಮೇಲೆ ಸುಕ್ಕಿಲ್ಲದಂತೆ ಹರಡಬೇಕು. ಬಟ್ಟೆಯನ್ನು ಎಳೆದು ಹಿಡಿಯಬಾರದು.

ಅಳೆಯುವ ಬಗೆ

ಎದೆಯ ಸುತ್ತಳತೆಗೆ ಒಂದು ಕಂಕುಳಿನ ಹೊಲಿಗೆಯಿಂದ ಮತ್ತೊಂದರವರೆಗೆ ಟೇಪು ಹಿಡಿದು, ಬಂದ ಸಂಖ್ಯೆಯನ್ನು ಇಮ್ಮಡಿಗೊಳಿಸಬೇಕು. 22 ಇಂಚು ಬಂದರೆ ಸುತ್ತಳತೆ 44 ಇಂಚು. ಸೊಂಟ ಮತ್ತು ಕೆಳ ಅಂಚಿಗೂ ಇದೇ ಕ್ರಮ. ಮೇಜಿನ ಮೇಲಿನ ಅರ್ಧ ಇಂಚಿನ ತಪ್ಪು ಮೈಮೇಲೆ ಒಂದು ಇಂಚಾಗುವುದೆಂಬ ಎಚ್ಚರವಿರಲಿ.

ಭುಜವನ್ನು ಬೆನ್ನಿನ ಕಡೆಯಿಂದ, ತೋಳು ಕೂಡುವ ಒಂದು ಹೊಲಿಗೆಯಿಂದ ಇನ್ನೊಂದಕ್ಕೆ ಅಳೆಯಬೇಕು. ತೋಳಿನ ಉದ್ದ ಅದೇ ಹೊಲಿಗೆಯಿಂದ ಕಫ್‌ನ ತುದಿಯವರೆಗೆ. ಅಂಗಿಯ ಉದ್ದವನ್ನು ಬೆನ್ನಿನ ನಡುವೆ, ಕಾಲರ್ ಕೂಡುವ ಹೊಲಿಗೆಯಿಂದ ಕೆಳ ಅಂಚಿನವರೆಗೆ ನೋಡಬೇಕು. ಕಾಲರ್ ಹಾಗೂ ಕಫ್‌ಗಳನ್ನು ಮಾತ್ರ ಬಿಚ್ಚಿ ಹರಡಿ, ಗುಂಡಿಯ ಮಧ್ಯದಿಂದ ಕಾಜಿನವರೆಗೆ ಅಳೆಯಬೇಕು, ಇವನ್ನು ಇಮ್ಮಡಿಗೊಳಿಸುವಂತಿಲ್ಲ.

ಎರಡು ಅಪಾಯಗಳು

ಮೊದಲನೆಯದು, ಅಂಗಿಯ ಅಳತೆಯನ್ನು ಮೈಯ ಅಳತೆಯೆಂದು ಭ್ರಮಿಸುವುದು. 40 ಇಂಚಿನ ಎದೆಯವನು 44 ಇಂಚಿನ ಅಂಗಿ ತೊಟ್ಟಿರಬಹುದು. ಮಿಕ್ಕ 4 ಇಂಚು ಉಸಿರಾಟಕ್ಕೆ, ಕೈಯಾಡಿಸುವುದಕ್ಕೆ ಬಿಟ್ಟ ಸಡಿಲ. ಚೀಟಿಯಲ್ಲಿ ಬರಿದೇ 44 ಎಂದಿದ್ದರೆ ದರ್ಜಿ ಅದನ್ನು ಮೈಯ ಅಳತೆಯೆಂದು ತಿಳಿದು ಮತ್ತೆ 4 ಇಂಚು ಸೇರಿಸಿ 48ಕ್ಕೆ ಕತ್ತರಿಸಿಯಾನು. ಆದ್ದರಿಂದ 'ಇದು ಸಿದ್ಧ ಅಂಗಿಯ ಅಳತೆ' ಎಂಬ ಒಂದು ಸಾಲು ಚೀಟಿಯಲ್ಲಿ ಇರಲೇಬೇಕು. ಅಳತೆ ಇಂಚಿನದೋ ಸೆಂಟಿಮೀಟರಿನದೋ ಎಂಬುದನ್ನೂ ನಮೂದಿಸಬೇಕು. ಬಟ್ಟೆ ಮಾರಾಟವಾಗುವುದು ಮೀಟರಿನಲ್ಲಿ, ದರ್ಜಿಯ ಲೆಕ್ಕ ಮಾತ್ರ ಇಂದಿಗೂ ಇಂಚಿನಲ್ಲಿ. ಒಂದು ಇಂಚು 2.54 ಸೆಂಟಿಮೀಟರಿಗೆ ಸಮ.

ಎರಡನೆಯದು ಹತ್ತಿಯ ಗುಣ. ನೇಯುವಾಗ ಬಿಗಿಯಾಗಿ ಎಳೆದ ನೂಲು ನೀರು ತಾಗಿದಾಗ ಸಡಿಲಗೊಂಡು ಬಟ್ಟೆ ಕುಗ್ಗುತ್ತದೆ. ನೂರಕ್ಕೆ ಮೂರರಷ್ಟು ಕುಗ್ಗಿದರೂ 30 ಇಂಚಿನ ಅಂಗಿ ಸುಮಾರು ಒಂದು ಇಂಚು ಗಿಡ್ಡವಾಗುತ್ತದೆ. ಬಟ್ಟೆಯನ್ನು ಗಿರಣಿಯಲ್ಲಿಯೇ ಮುಂಚಿತವಾಗಿ ಕುಗ್ಗಿಸುವ ವಿಧಾನವನ್ನು ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ರೂಪಿಸಿದರು. 'ಸ್ಯಾನ್‌ಫರೈಸ್ಡ್' ಎಂಬ ಹೆಸರು ಬಂದದ್ದು ಅವರಿಂದಲೇ. ಹಾಗೆ ಸಂಸ್ಕರಿಸದ ಬಟ್ಟೆಯನ್ನು ಕತ್ತರಿಸುವ ಮುನ್ನ ನೀರಿನಲ್ಲಿ ನೆನೆಸಿ ಒಣಗಿಸುವುದು ಕ್ಷೇಮ.

ಕಡೆಯದಾಗಿ, ಪ್ರತಿ ಅಳತೆಯನ್ನೂ ಎರಡು ಬಾರಿ ತೆಗೆಯಬೇಕು; ಎರಡೂ ಹೊಂದದಿದ್ದರೆ ಮೂರನೆಯ ಬಾರಿ ಅಳೆಯಬೇಕು. ಹಳೆಯ ಅಂಗಿಯಲ್ಲಿ ಏನಾದರೂ ಕೊರತೆಯಿದ್ದರೆ, ಉದಾಹರಣೆಗೆ ತೋಳು ತುಸು ಗಿಡ್ಡವೆನಿಸಿದ್ದರೆ, ಅದನ್ನೂ ಬರೆದು ತಿಳಿಸಬೇಕು. ಇಲ್ಲವಾದರೆ ದರ್ಜಿ ಆ ಕೊರತೆಯನ್ನೂ ನಿಷ್ಠೆಯಿಂದ ಹೊಲಿದು ಕೊಡುತ್ತಾನೆ. ಚೀಟಿ ಸರಿಯಾಗಿದ್ದರೆ, ಮದುವೆಯ ಹಿಂದಿನ ರಾತ್ರಿ ಬಸ್ಸಿಳಿದು ಬರುವವನಿಗೂ ಹೊಸ ಅಂಗಿ ಮೈಗೊಪ್ಪುತ್ತದೆ.