ಕೊನೆಯ ವರ್ಷದ ಪ್ರಾಜೆಕ್ಟು: ಮಕ್ಕಳ ದುಡಿಮೆಯೋ, ಅಂಗಡಿಯ ಸರಕೋ?

ಎಂಜಿನಿಯರಿಂಗ್ ಓದುವ ಮಕ್ಕಳಿರುವ ನಮ್ಮ ಕುಟುಂಬಗಳಲ್ಲಿ ಕೊನೆಯ ವರ್ಷ ತಪ್ಪದೆ ಕೇಳಿಬರುವ ಮಾತು: “ಪ್ರಾಜೆಕ್ಟಿಗೆ ಹಣ ಬೇಕು.” ಯಾವುದಕ್ಕೆ ಎಂದು ವಿಚಾರಿಸುವ ಹೆತ್ತವರು ವಿರಳ. ಹಲವು ವರ್ಷ ಪ್ರಾಜೆಕ್ಟ್ ತರಗತಿ ನಡೆಸಿರುವ ನಾವು, ದಯವಿಟ್ಟು ವಿಚಾರಿಸಿರಿ ಎನ್ನಲೆಂದೇ ಇದನ್ನು ಬರೆಯುತ್ತಿದ್ದೇವೆ.

ಉಳಿದ ವಿಷಯಗಳಲ್ಲಿ ಪ್ರಶ್ನೆಯನ್ನು ಕೊಡುವವರು ಅಧ್ಯಾಪಕರು. ಇಲ್ಲಿ ಪ್ರಶ್ನೆಯನ್ನೂ ವಿದ್ಯಾರ್ಥಿಗಳೇ ಹುಡುಕಬೇಕು. ಅಮೆರಿಕದ ಹಾರ್ವಿ ಮಡ್ ಕಾಲೇಜಿನಲ್ಲಿ 1963ರಲ್ಲಿಯೇ ಇಂಥ ಪಾಠವೊಂದು ‘ಕ್ಲಿನಿಕ್’ ಎಂಬ ಹೆಸರಿನಲ್ಲಿ ಆರಂಭವಾಯಿತು. ವೈದ್ಯ ವಿದ್ಯಾರ್ಥಿ ರೋಗಿಯ ಬಳಿ ಕಲಿಯುವಂತೆ, ಅಲ್ಲಿಯ ವಿದ್ಯಾರ್ಥಿ ತಂಡಗಳು ಉದ್ಯಮಗಳು ತಂದೊಪ್ಪಿಸುವ ನಿಜವಾದ ತೊಡಕುಗಳನ್ನು ಬಿಡಿಸುತ್ತವೆ.

ಒಂದು ವರ್ಷ ನಮ್ಮ ನಾಲ್ವರ ತಂಡವೊಂದು ಅಡಿಕೆ ಸುಲಿಯುವ ಯಂತ್ರ ಮಾಡಿತು. ವರ್ಕ್‌ಶಾಪಿನಲ್ಲಿ ಅದು ಸೊಗಸಾಗಿ ಓಡಿತು. ತಂಡದ ಹುಡುಗಿಯೊಬ್ಬಳ ಸೋದರಮಾವನ ಅಂಗಳಕ್ಕೆ ಒಯ್ದಾಗ ಮಾತ್ರ ಬಣ್ಣ ಬಯಲಾಯಿತು. ಸಣ್ಣ ಅಡಿಕೆ ಸುಲಿಯದೆ ಜಾರಿತು, ದೊಡ್ಡದು ಹೋಳಾಯಿತು. “ಒಡೆದ ಅಡಿಕೆಗೆ ಯಾರು ಕ್ರಯ ಕೊಡುತ್ತಾರೆ ಮಗಾ?” ಎಂದರು ಮಾವ. ಮಕ್ಕಳು ಪರೀಕ್ಷಿಸಿದ್ದು ಒಂದೇ ಗಾತ್ರದ, ಆರಿಸಿದ ಅಡಿಕೆಯನ್ನು! ಆಮೇಲೆ ಅವರು ಇನ್ನೂರು ಅಡಿಕೆಗಳನ್ನು ಒಂದೊಂದಾಗಿ ಅಳೆದು ಬರೆದುಕೊಂಡರು. ಗಾತ್ರಕ್ಕನುಸಾರ ಬೇರ್ಪಡಿಸುವ ಜರಡಿಯೊಂದನ್ನು ಮುಂದಿಟ್ಟರು. ರೋಲರು ತುಸು ಹಿಂದೆ ಸರಿಯುವಂತೆ ಸ್ಪ್ರಿಂಗ್ ಜೋಡಿಸಿದರು. ಆದರೂ ಕೆಲವು ಒಡೆದವು. ಒಡೆದವುಗಳ ಲೆಕ್ಕವನ್ನು ವರದಿಯಲ್ಲಿ ಮುಚ್ಚಿಡದೆ ಬರೆದರು.

ಅದೇ ದಿನ ಇನ್ನೊಂದು ತಂಡ ಥಳಥಳಿಸುವ ಮಾದರಿಯೊಡನೆ ಬಂದಿತ್ತು. “ಈ ಮೋಟಾರನ್ನೇ ಏಕೆ ಆರಿಸಿದಿರಿ?” ಎಂದು ಪರೀಕ್ಷಕರು ಕೇಳಿದರು. ನಾಲ್ವರೂ ನೆಲ ನೋಡಿದರು. ಸಿದ್ಧ ಪ್ರಾಜೆಕ್ಟು ಮಾರುವ ಅಂಗಡಿಯಿಂದ ಕೊಂಡುತಂದದ್ದು ಅದು. ಅವರಲ್ಲೊಬ್ಬನ ತಂದೆ ಸೊಸೈಟಿಯಲ್ಲಿ ಸಾಲ ಮಾಡಿ ಆ ಹಣ ಹೊಂದಿಸಿದ್ದರೆಂದು ಬಳಿಕ ತಿಳಿಯಿತು. ಆ ತಂಡದ ದಿನಚರಿಗೆ ವಾರವಾರವೂ ಓದದೆ ಸಹಿ ಹಾಕಿದವರು ನಾವೇ. ಅಂಗಡಿಯವನನ್ನು ಬಯ್ಯುವ ಅರ್ಹತೆ ನಮಗೆಲ್ಲಿಂದ ಬರಬೇಕು?

ಅಂದಿನಿಂದ ಕ್ರಮ ಬದಲಿಸಿದೆವು. ಮೊದಲ ಎರಡು ತಿಂಗಳು ಯಾವ ಸಾಮಾನನ್ನೂ ಕೊಳ್ಳುವಂತಿಲ್ಲ. ಯಂತ್ರವನ್ನು ಬಳಸಬೇಕಾದವರ ಮನೆಗೋ ಗದ್ದೆಗೋ ಹೋಗಿ ಬರಬೇಕು. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸವನ್ನು ಸ್ವಂತ ಕೈಬರಹದಲ್ಲಿ ಬರೆದಿಡಬೇಕು. ಮಕ್ಕಳು ಗೊಣಗುತ್ತಾರೆ, ನಮಗೂ ಓದುವ ಕೆಲಸ ಹೆಚ್ಚಿದೆ.

ಹಣದ ವಿಚಾರಕ್ಕೆ ಬಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ದಶಕಗಳಿಂದ ಧನಸಹಾಯ ನೀಡುತ್ತ ಬಂದಿದೆ. ಅರ್ಜಿಯನ್ನು ಕಾಲೇಜಿನ ಮೂಲಕವೇ ಸಲ್ಲಿಸಬೇಕು. ಮುಂದಿನ ಬಾರಿ ಮಗ ಹಣ ಕೇಳಿದಾಗ, ಆ ಅರ್ಜಿ ಹಾಕಿದ್ದೀಯಾ ಎಂದು ಕೇಳಿ ನೋಡಿ. ಯಂತ್ರ ಯಾರಿಗಾಗಿ ಎಂಬುದನ್ನೂ ಕೇಳಿ.